ಮೊದಲು ಕುಳಿತು ಯೋಚಿಸೋಣ
ಜುಲೈ 31 – ಸಂತ ಇಗ್ನೇಷಿಯಸ್ ಲೊಯೋಲರ ಹಬ್ಬ: ಕಠಿಣ ನಿರ್ಧಾರಗಳಲ್ಲಿ ದೇವರ ಚಿತ್ತವನ್ನು ಅರಿಯುವ ಬಗೆ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಾರೆ ನಮ್ಮ ಹಿರಿಯರು. ಯೇಸುಸ್ವಾಮಿಯೂ ಹೆಚ್ಚುಕಡಿಮೆ ಇದೇ ಮಾತನ್ನು ಸಾಮತಿಯ ರೂಪದಲ್ಲಿ ಹೇಳಿದ್ದಾರೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು, ಕೈಯಲ್ಲಿರುವ ಹಣ ಸಾಕಾದೀತೇ ಎಂದು ಲೆಕ್ಕ ಹಾಕುತ್ತಾನೆ. ಅಡಿಪಾಯಕ್ಕೇ ಹಣ ಮುಗಿದುಹೋದರೆ ನೋಡಿದವರು ನಗುತ್ತಾರೆ. ಹತ್ತು ಸಾವಿರ ಸೈನಿಕರಿರುವ ಅರಸ, ಇಪ್ಪತ್ತು ಸಾವಿರ ಸೈನಿಕರೊಡನೆ ಬರುತ್ತಿರುವವನನ್ನು ಎದುರಿಸಬಹುದೇ ಎಂದು ಮೊದಲು ಕುಳಿತು ಆಲೋಚಿಸುತ್ತಾನೆ (ಲೂಕ 14:28-32). ಸಂತ ಇಗ್ನೇಷಿಯಸ್ ಲೊಯೋಲರ ಹಬ್ಬದ ಬಲಿಪೂಜೆಗೆಂದು ಧರ್ಮಸಭೆ ಆರಿಸಿಕೊಂಡಿರುವ ಶುಭಸಂದೇಶ ಇದೇ. ಈ ಆಯ್ಕೆ ಎಷ್ಟು ಅರ್ಥಪೂರ್ಣ! ಏಕೆಂದರೆ ಕ್ರೈಸ್ತರು ನಿರ್ಧಾರಕ್ಕೆ ಮೊದಲು ಹೇಗೆ ಕುಳಿತುಕೊಳ್ಳಬೇಕು, ಏನನ್ನು ತೂಗಿ ನೋಡಬೇಕು ಎಂಬುದನ್ನು ನಮಗೆ ಕಲಿಸಿಕೊಟ್ಟ ಸಂತರಲ್ಲಿ ಇಗ್ನೇಷಿಯಸ್ ಪ್ರಮುಖರು.

ನಮ್ಮ ಧರ್ಮಕೇಂದ್ರಗಳ ಯಾವ ಮನೆಯಲ್ಲಾದರೂ ಇರಬಹುದಾದ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ನರ್ಸ್ ಆಗಿ ದುಡಿಯುತ್ತಿರುವ ಒಬ್ಬ ತಾಯಿ. ವಿದೇಶದ ಆಸ್ಪತ್ರೆಯೊಂದರಲ್ಲಿ ಆಕೆಗೆ ಕೆಲಸ ಸಿಕ್ಕಿದೆ. ಮನೆಗೆಂದು ಮಾಡಿದ ಸಾಲ ಇನ್ನೂ ತೀರಿಲ್ಲ. ಓದುವ ಮಕ್ಕಳು ಇಬ್ಬರು. ಹಾಸಿಗೆ ಹಿಡಿದ ಅತ್ತೆಗೆ ಸೊಸೆಯ ಕೈಯೇ ಆಸರೆ. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಹೋದರೂ ತಪ್ಪಲ್ಲ, ಉಳಿದರೂ ತಪ್ಪಲ್ಲ. ಆದರೆ ಯಾವುದು ದೇವರ ಚಿತ್ತ? ಇಂತಹ ಪ್ರಶ್ನೆ ಎದುರಾದಾಗ ನಾವೇನು ಮಾಡಬೇಕು? ಈ ಹಬ್ಬದ ಸಂದರ್ಭದಲ್ಲಿ ಇದನ್ನೇ ಧ್ಯಾನಿಸೋಣ.

ಹೇಸರಗತ್ತೆ ಕೊಟ್ಟ ತೀರ್ಪು

ಇಗ್ನೇಷಿಯಸರಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದದ್ದಲ್ಲ. 1522ರಲ್ಲಿ, ಮನಃಪರಿವರ್ತನೆಯಾದ ಹೊಸದರಲ್ಲಿ, ಅವರು ಹೇಸರಗತ್ತೆಯ ಮೇಲೆ ಕುಳಿತು ಸ್ಪೇನಿನ ಮೊನ್ಸೆರಾತ್ ಪುಣ್ಯಕ್ಷೇತ್ರದತ್ತ ಹೊರಟಿದ್ದರು. ದಾರಿಯಲ್ಲಿ ಒಬ್ಬ ಮೂರ್ ಮುಸಲ್ಮಾನ ಪ್ರಯಾಣಿಕ ಜೊತೆಯಾದ. ಮಾತಿಗೆ ಮಾತು ಬೆಳೆದು ಮಾತೆ ಮರಿಯಮ್ಮನವರ ಕನ್ಯತ್ವದ ಬಗ್ಗೆ ವಾದ ಹುಟ್ಟಿತು. ಆತ ತನ್ನ ಪಾಡಿಗೆ ಮುಂದೆ ಹೊರಟುಹೋದ. ಇತ್ತ ಇಗ್ನೇಷಿಯಸರ ಮನಸ್ಸು ಕುದಿಯತೊಡಗಿತು. ‘ಮಾತೆಯ ಗೌರವ ಕಾಪಾಡಲು ಅವನನ್ನು ಹುಡುಕಿ ಇರಿಯಬೇಕೇ, ಬಿಡಬೇಕೇ?’ ತೀರ್ಮಾನಿಸಲಾಗದೆ ಕಡೆಗೆ ಲಗಾಮನ್ನೇ ಸಡಿಲಬಿಟ್ಟರು. ಮುಂದೆ ದಾರಿ ಕವಲೊಡೆಯುವಲ್ಲಿ ಹೇಸರಗತ್ತೆ ಆತ ಹೋದ ಊರಿನ ಕಡೆ ತಿರುಗಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಟ್ಟುಬಿಡುವುದು! ಊರಿನ ದಾರಿ ಅಗಲವಾಗಿತ್ತು, ಊರೂ ಹತ್ತಿರವೇ ಇತ್ತು. ಆದರೂ ಹೇಸರಗತ್ತೆ ಹೆದ್ದಾರಿಯನ್ನೇ ಹಿಡಿಯಿತು. ಒಂದು ಪ್ರಾಣ ಉಳಿಯಿತು.

ಮುಪ್ಪಿನಲ್ಲಿ ತಮ್ಮ ಜೀವನದ ಕಥೆಯನ್ನು ಹೇಳಿ ಬರೆಯಿಸಿದಾಗ ಇಗ್ನೇಷಿಯಸರು ಈ ಘಟನೆಯನ್ನು ಮರೆಮಾಚಲಿಲ್ಲ. ತಾವು ಆಗ ಎಷ್ಟು ಕುರುಡಾಗಿದ್ದೆವು ಎಂಬುದು ಮುಂದಿನವರಿಗೆ ತಿಳಿಯಲೆಂದೇ ಹೇಳಿದರು.

ಈ ಕಥೆ ಕೇಳಿ ನಗು ಬರಬಹುದು. ಆದರೆ ನಾವೂ ಎಷ್ಟೋ ಸಲ ಲಗಾಮನ್ನು ಹೀಗೇ ಸಡಿಲಬಿಡುವುದಿಲ್ಲವೇ? ಎರಡು ಚೀಟಿ ಬರೆದು ಪೀಠದ ಮುಂದಿಟ್ಟು ಮಗುವಿನ ಕೈಯಿಂದ ಎತ್ತಿಸುತ್ತೇವೆ. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಉತ್ತರವೆಂದುಕೊಳ್ಳುತ್ತೇವೆ. ‘ನಾಳೆ ಬೆಳಿಗ್ಗೆಯೊಳಗೆ ಫೋನ್ ಬಂದರೆ ಒಪ್ಪಿಗೆ’ ಎಂದು ದೇವರಿಗೇ ಷರತ್ತು ಹಾಕುತ್ತೇವೆ. ಗಿದ್ಯೋನನು ಉಣ್ಣೆಯ ತುಪ್ಪಟದ ಗುರುತು ಕೇಳಲಿಲ್ಲವೇ ಎಂದು ಕೆಲವರು ಕೇಳಬಹುದು (ನ್ಯಾಯಸ್ಥಾಪಕರು 6:36-40). ಆದರೆ ಗಿದ್ಯೋನನಿಗೆ ದೇವರು ಆಗಲೇ ಮಾತು ಕೊಟ್ಟಾಗಿತ್ತು. ಅವನು ಗುರುತು ಕೇಳಿದ್ದು ತನ್ನ ಅಂಜಿಕೆಯಿಂದ. ದೇವರು ಆ ಅಂಜಿಕೆಯನ್ನು ತಾಳ್ಮೆಯಿಂದ ಸಹಿಸಿಕೊಂಡರು, ಅಷ್ಟೇ. ಪ್ರೇಷಿತರು ಚೀಟಿ ಹಾಕಿ ಮತ್ತೀಯನನ್ನು ಆರಿಸಿದ್ದು ನಿಜ (ಪ್ರೇ.ಕಾ. 1:26). ಆದರೆ ಅದು ಪಂಚಾಶತ್ತಮ ಹಬ್ಬಕ್ಕೆ ಮುಂಚೆ. ಪವಿತ್ರಾತ್ಮರು ಇಳಿದು ಬಂದ ಮೇಲೆ ಪ್ರೇಷಿತರು ಚೀಟಿ ಹಾಕಿದ ಸುದ್ದಿ ಆ ಗ್ರಂಥದಲ್ಲಿ ಮತ್ತೆಲ್ಲೂ ಇಲ್ಲ. ಜೆರುಸಲೇಮಿನಲ್ಲಿ ದೊಡ್ಡ ಸಮಸ್ಯೆ ಎದ್ದಾಗ ಅವರು ಸೇರಿದರು, ಚರ್ಚಿಸಿದರು, ಒಬ್ಬರ ಅನುಭವವನ್ನು ಇನ್ನೊಬ್ಬರು ಕೇಳಿದರು. ಆಮೇಲೆ ಪವಿತ್ರಾತ್ಮರೂ ತಾವೂ ಕೂಡಿ ತೀರ್ಮಾನಿಸಿದ್ದೇವೆಂದು ಧೈರ್ಯವಾಗಿ ಬರೆದರು (ಪ್ರೇ.ಕಾ. 15). ನಮಗೂ ಜ್ಞಾನಸ್ನಾನದಲ್ಲಿ, ದೃಢೀಕರಣದಲ್ಲಿ ಅದೇ ಪವಿತ್ರಾತ್ಮರನ್ನು ಕೊಟ್ಟಿರುವಾಗ ಚೀಟಿಯ ಮೊರೆಹೋಗುವುದೇಕೆ?

ವಿವೇಚನೆ ಎಲ್ಲಿ ಬೇಕು, ಎಲ್ಲಿ ಬೇಡ?

ಹೇಸರಗತ್ತೆಯ ಕಥೆಯಲ್ಲಿ ಇನ್ನೊಂದು ಪಾಠವಿದೆ. ಆ ಪ್ರಯಾಣಿಕನನ್ನು ಇರಿಯಬೇಕೇ ಎಂಬ ಪ್ರಶ್ನೆಗೆ ಉತ್ತರ ಆಗಲೇ ಇತ್ತು. ಕೊಲೆ ಮಾಡಬಾರದೆಂಬ ಐದನೆಯ ಕಟ್ಟಳೆಯೇ ಆ ಉತ್ತರ. ದೇವರು ಸ್ಪಷ್ಟವಾಗಿ ಹೇಳಿದ್ದನ್ನು ಅವರು ಹೇಸರಗತ್ತೆಯ ಬಳಿ ಕೇಳುತ್ತಿದ್ದರು!

ಆದ್ದರಿಂದ ಮೊದಲ ನಿಯಮ ಇದು: ಪಾಪವಾದುದರ ಬಗ್ಗೆ ವಿವೇಚನೆಯ ಪ್ರಶ್ನೆಯೇ ಇಲ್ಲ. ಲಂಚ ಕೊಟ್ಟು ಕೆಲಸ ಗಿಟ್ಟಿಸಬಹುದೇ, ಅಣ್ಣತಮ್ಮಂದಿರ ಪಾಲಿನ ಜಮೀನನ್ನು ಸುಳ್ಳು ಪತ್ರ ಮಾಡಿಸಿ ಬರೆಸಿಕೊಳ್ಳಬಹುದೇ, ಹುಟ್ಟಲಿರುವ ಕೂಸನ್ನು ತೆಗೆಸಬಹುದೇ ಎಂದು ‘ದೇವರ ಚಿತ್ತ ಕೇಳಲು’ ಒಂಬತ್ತು ದಿನಗಳ ನವೇನ ಮಾಡಬೇಕಾಗಿಲ್ಲ. ವಿವೇಚನೆ ಬೇಕಾಗುವುದು ಎರಡು ಒಳ್ಳೆಯ ದಾರಿಗಳ ನಡುವೆ, ಆ ನರ್ಸ್ ತಾಯಿಯ ಮುಂದಿರುವಂತೆ.

ಎರಡನೆಯ ನಿಯಮ: ಒಮ್ಮೆ ಮಾತುಕೊಟ್ಟು ಕಟ್ಟಿಕೊಂಡ ಬಾಳನ್ನು ದಿನದಿನವೂ ಹೊಸದಾಗಿ ತೂಗಬೇಕಾಗಿಲ್ಲ. ವಿವಾಹವಾದವರು, ಗುರುದೀಕ್ಷೆ ಪಡೆದವರು ‘ಬೇರೆ ದಾರಿ ಹಿಡಿದಿದ್ದರೆ ಚೆನ್ನಾಗಿತ್ತೇನೋ’ ಎಂದು ಕೊರಗುತ್ತಾ ಕೂರುವುದಕ್ಕಿಂತ, ಕೊಟ್ಟ ಮಾತಿನೊಳಗೇ ಚೆನ್ನಾಗಿ ಬಾಳುವ ಬಗೆಯನ್ನು ಹುಡುಕಬೇಕೆಂದು ಇಗ್ನೇಷಿಯಸರು ಹೇಳುತ್ತಾರೆ. ಆದರೆ ಹೊಡೆತ ಬಡಿತಗಳಿಂದ ಪ್ರಾಣಕ್ಕೇ ಕುತ್ತು ಬಂದಿರುವ ಹೆಣ್ಣುಮಗಳಿಗೆ ‘ಸಹಿಸಿಕೋ, ಇದು ದೇವರ ಚಿತ್ತ’ ಎನ್ನುವ ಅಧಿಕಾರ ನಮಗಾರಿಗೂ ಇಲ್ಲ.

ಇದರ ಜೊತೆಗೇ ಎರಡು ತಪ್ಪು ಕಲ್ಪನೆಗಳನ್ನು ಬಿಡೋಣ. ಆದದ್ದೆಲ್ಲವೂ ದೇವರ ಚಿತ್ತವೆನ್ನುವುದು ಒಂದು. ಕುಡಿದು ಗಾಡಿ ಓಡಿಸಿ ಆದ ಅಪಘಾತವನ್ನು ದೇವರ ತಲೆಗೆ ಕಟ್ಟುವುದು ವಿಶ್ವಾಸವಲ್ಲ. ಅದು ಹಣೆಬರಹದ ಮಾತು. ನಮಗೆ ಯಾವುದು ಅತಿ ಕಷ್ಟವೋ ಅದೇ ದೇವರ ಚಿತ್ತವೆನ್ನುವುದು ಇನ್ನೊಂದು. ದೇವರು ತಂದೆ. ಮಕ್ಕಳು ನರಳುವುದನ್ನು ಕಂಡು ಸಂತೋಷಪಡುವ ತಂದೆಯಲ್ಲ. ಶಿಲುಬೆ ಬಂದಾಗ ಹೊರಲು ಬಲ ಕೊಡುತ್ತಾರೆ, ನಿಜ. ಆದರೆ ನಮ್ಮ ಆಳದ ಒಳ್ಳೆಯ ಬಯಕೆಗಳನ್ನು ನಮ್ಮಲ್ಲಿ ಬಿತ್ತಿದವರೂ ಅವರೇ.

ಹಾಸಿಗೆಯ ಮೇಲೆ ಕಲಿತ ಪಾಠ

ಆ ಬಯಕೆಗಳ ಭಾಷೆಯನ್ನು ಇಗ್ನೇಷಿಯಸರು ಕಲಿತದ್ದು ಗಾಯಗೊಂಡು ಮಲಗಿದ್ದಾಗ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು. ಹೊತ್ತು ಕಳೆಯಲು ವೀರಯೋಧರ ಕಥೆಗಳನ್ನು ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ.

ಓದುತ್ತಾ, ನಡುನಡುವೆ ಕನಸು ಕಾಣುತ್ತಾ ಮಲಗಿದ್ದ ಅವರು ಒಂದು ವ್ಯತ್ಯಾಸವನ್ನು ಗಮನಿಸಿದರು. ಶ್ರೀಮಂತ ಮನೆತನದ ಹೆಣ್ಣೊಬ್ಬಳ ಮನ ಗೆಲ್ಲುವ ಸಾಹಸಗಳನ್ನು ನೆನೆದಾಗ ಆ ಗಳಿಗೆಗೆ ಬಲು ಹಿತವಾಗುತ್ತಿತ್ತು, ಆಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗಬೇಕೆಂದು ನೆನೆದಾಗಲೂ ಹಿತವಾಗುತ್ತಿತ್ತು. ಆದರೆ ಆ ಯೋಚನೆ ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಬರುವಾಗ ಎರಡೂ ಸಿಹಿ. ಹೋದ ಮೇಲೆ ಉಳಿಯುವ ರುಚಿ ಬೇರೆ.

ಹೊಲಕ್ಕೆ ಬಿದ್ದ ಮಳೆಯನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಒಂದು ಮಳೆ ಸದ್ದು ಮಾಡುತ್ತಾ ಬಂದು ಮೇಲುಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಇನ್ನೊಂದು ಮಳೆ ಸದ್ದಿಲ್ಲದೆ ಬಂದು ಬೇರಿನವರೆಗೆ ಇಳಿಯುತ್ತದೆ. ದೇವರತ್ತ ನಡೆಯುತ್ತಿರುವ ಆತ್ಮದಲ್ಲಿ ಒಳ್ಳೆಯ ಪ್ರೇರಣೆಯು ನೀರು ಸ್ಪಂಜಿನೊಳಗೆ ಇಂಗುವಂತೆ ಮೆಲ್ಲನೆ ಇಳಿಯುತ್ತದೆ, ಕೆಟ್ಟ ಪ್ರೇರಣೆಯು ಕಲ್ಲಿನ ಮೇಲೆ ಬಿದ್ದ ನೀರಿನಂತೆ ಚಿಮ್ಮುತ್ತದೆ ಎಂಬ ಅರ್ಥದ ಹೋಲಿಕೆಯನ್ನು ಇಗ್ನೇಷಿಯಸರೇ ಕೊಟ್ಟಿದ್ದಾರೆ. ಈ ಅನುಭವಗಳೆಲ್ಲ ಮುಂದೆ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಅವರ ಚಿಕ್ಕ ಪುಸ್ತಕವಾಯಿತು. 1548ರಲ್ಲಿ ಮೂರನೆಯ ಜಗದ್ಗುರು ಪೌಲರು ಅದಕ್ಕೆ ಮನ್ನಣೆ ಕೊಟ್ಟರು. ಅದರಲ್ಲಿ ನಿರ್ಧಾರಗಳ ಬಗ್ಗೆ ಇರುವುದನ್ನು ಈಗ ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ.

ತಕ್ಕಡಿಯ ಮುಳ್ಳು ನಡುವೆ ನಿಲ್ಲಲಿ

ವ್ಯಾಪಾರಿ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸುತ್ತಾನೆ. ಮುಳ್ಳು ನಡುವೆ ನಿಂತಿದ್ದರೆ ಮಾತ್ರ ನಾವು ತೂಕವನ್ನು ನಂಬುತ್ತೇವೆ. ಮನಸ್ಸೂ ಹಾಗೆಯೇ. ತೂಗುವ ಮುಂಚೆ ಮುಳ್ಳು ನಡುವೆ ನಿಲ್ಲಬೇಕೆನ್ನುತ್ತಾರೆ ಇಗ್ನೇಷಿಯಸ್. ಇದನ್ನು ಸಮಚಿತ್ತ ಎನ್ನೋಣ. ಸಮಚಿತ್ತವೆಂದರೆ ಭಾವನೆಯೇ ಇಲ್ಲದಿರುವುದಲ್ಲ. ‘ಪ್ರಭುವೇ, ನೀವು ತೋರಿಸಿದ ಕಡೆ ಹೋಗಲು ಸಿದ್ಧ’ ಎನ್ನುವ ಬಿಡುಗಡೆ ಅದು.

ನಾವು ಮಾಡುವುದು ಬಹಳ ಸಲ ಇದರ ವಿರುದ್ಧ. ಮೊದಲು ತೀರ್ಮಾನ ಮಾಡಿಕೊಳ್ಳುತ್ತೇವೆ, ಆಮೇಲೆ ‘ದೇವರೇ, ಇದೇ ನಿಮ್ಮ ಚಿತ್ತವಾಗಲಿ’ ಎಂದು ಪ್ರಾರ್ಥಿಸುತ್ತೇವೆ. ಇಗ್ನೇಷಿಯಸರು ಹತ್ತು ಸಾವಿರ ನಾಣ್ಯಗಳನ್ನು ಗಳಿಸಿದ ಮೂರು ಬಗೆಯ ಜನರ ಉದಾಹರಣೆ ಕೊಡುತ್ತಾರೆ. ಆ ಹಣದ ಮೋಹದಿಂದ ಬಿಡುಗಡೆಯಾಗಬೇಕೆಂದು ಮೂವರಿಗೂ ಆಸೆ. ಒಬ್ಬ ‘ಆಮೇಲೆ ನೋಡೋಣ’ ಎನ್ನುತ್ತಲೇ ಸಾಯುತ್ತಾನೆ. ಎರಡನೆಯವನು ಹಣವನ್ನು ಕೈಯಲ್ಲೇ ಹಿಡಿದುಕೊಂಡು, ದೇವರೇ ತನ್ನ ಇಷ್ಟಕ್ಕೆ ಬರಲಿ ಎಂದು ಬಯಸುತ್ತಾನೆ. ಮೂರನೆಯವನು ಇಟ್ಟುಕೊಳ್ಳಲೂ ಸಿದ್ಧ, ಬಿಡಲೂ ಸಿದ್ಧ. ದೇವರ ಸೇವೆಗೆ ಯಾವುದು ಮೇಲೋ ಅದನ್ನೇ ಮಾಡುತ್ತಾನೆ. ನಮ್ಮ ಪೈಕಿ ಹೆಚ್ಚಿನವರು ಎರಡನೆಯವನ ಅಣ್ಣತಮ್ಮಂದಿರೇ!

ಸಮಚಿತ್ತ ಸುಲಭವಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಯೇ ಪಾತ್ರೆ ತಮ್ಮಿಂದ ದೂರವಾಗಲೆಂದು ಬೇಡಿದರು. ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿಕೊಟ್ಟ ಮೇಲೂ ಮತ್ತೆ ಹೋಗಿ ಅದನ್ನೇ ಪ್ರಾರ್ಥಿಸಿದರು (ಮಾರ್ಕ 14:32-42). ನಮ್ಮ ಆಸೆಯನ್ನೂ ಭಯವನ್ನೂ ಮುಚ್ಚಿಡದೆ ದೇವರ ಮುಂದೆ ಹೇಳುವುದೇ ಬಿಡುಗಡೆಯ ಮೊದಲ ಹೆಜ್ಜೆ. ಆ ತಾಯಿ ಹೀಗೆ ಪ್ರಾರ್ಥಿಸಬಹುದು: ‘ಪ್ರಭುವೇ, ನನಗೆ ಹೋಗಲು ಆಸೆಯಿದೆ. ಸಾಲ ಕುತ್ತಿಗೆಗೆ ಬಂದಿದೆ. ಅತ್ತೆಯ ಸೇವೆ ಮಾಡಿ ಸೋತಿದ್ದೇನೆ. ಇದನ್ನೆಲ್ಲ ನಿಮ್ಮ ಮುಂದಿಟ್ಟಿದ್ದೇನೆ. ನನ್ನನ್ನು ಬಿಡುಗಡೆ ಮಾಡಿ.’ ಇಂತಹ ಪ್ರಾಮಾಣಿಕ ಪ್ರಾರ್ಥನೆ ಅಲಂಕಾರದ ನೂರು ಮಾತುಗಳಿಗಿಂತ ಮೇಲು.

ಮೂರು ಬಗೆಯ ಸಮಯ

ನಿರ್ಧಾರ ಮಾಡಲು ತಕ್ಕ ಸಮಯಗಳು ಮೂರು ಎನ್ನುತ್ತಾರೆ ಇಗ್ನೇಷಿಯಸ್.

ಮೊದಲನೆಯದು, ದೇವರು ಸಂಶಯಕ್ಕೆ ಎಡೆಯೇ ಇಲ್ಲದಂತೆ ಸೆಳೆದುಕೊಳ್ಳುವ ಸಮಯ. ಸುಂಕದ ಕಟ್ಟೆಯಿಂದ ಎದ್ದ ಮತ್ತಾಯನಿಗೂ, ದಮಾಸ್ಕಸ್ ದಾರಿಯಲ್ಲಿ ಬಿದ್ದ ಪೌಲನಿಗೂ ಹೀಗಾಯಿತು. ಇದು ದೇವರ ಕೊಡುಗೆ, ನಾವು ಕೇಳಿ ಪಡೆಯುವಂಥದ್ದಲ್ಲ.

ಎರಡನೆಯದು, ಪ್ರಾರ್ಥನೆಯ ದಿನಗಳಲ್ಲಿ ಮನಸ್ಸಿನ ಏರಿಳಿತಗಳನ್ನು ಗಮನಿಸುತ್ತಾ ದಾರಿ ಕಾಣುವ ಸಮಯ. ಕೆಲವು ದಿನ ‘ನಾನು ಹೋಗುತ್ತೇನೆ’ ಎಂಬಂತೆ ಪ್ರಾರ್ಥಿಸಿ, ಕೆಲವು ದಿನ ‘ನಾನು ಉಳಿಯುತ್ತೇನೆ’ ಎಂಬಂತೆ ಪ್ರಾರ್ಥಿಸಿ, ಒಳಗೆ ಏನಾಗುತ್ತಿದೆಯೆಂದು ನೋಡಬೇಕು. ಪವಿತ್ರಾತ್ಮರ ಫಲಗಳೆಂದು ಸಂತ ಪೌಲರು ಹೇಳುವ ಪ್ರೀತಿ, ಆನಂದ, ಶಾಂತಿ, ತಾಳ್ಮೆ ಯಾವ ಕಡೆ ಚಿಗುರುತ್ತಿವೆ (ಗಲಾತ್ಯರಿಗೆ 5:22-23)? ಮನೆಯವರ ಮೇಲೆ ಸಿಡುಕು, ಅವಸರ, ಪ್ರಾರ್ಥನೆಯಲ್ಲಿ ಬೇಸರ ಯಾವ ಕಡೆ ಹೆಚ್ಚುತ್ತಿವೆ? ಒಂದು ದಿನದ ಮನಸ್ಥಿತಿಯನ್ನು ನಂಬಬೇಡಿ. ಕೆಲವು ವಾರ ಗುರುತು ಹಾಕಿಕೊಂಡರೆ ಒಂದು ದಿಕ್ಕು ಕಾಣುತ್ತದೆ. ಶಾಂತಿಯೆಂದರೆ ಕಣ್ಣೀರೇ ಇಲ್ಲದಿರುವುದಲ್ಲ. ಮಕ್ಕಳನ್ನು ಬಿಟ್ಟುಹೋಗುವ ತಾಯಿ ಅತ್ತೇ ಅಳುತ್ತಾಳೆ. ಅಳುವಿನ ಕೆಳಗೂ ಒಂದು ನೆಮ್ಮದಿ ಇದೆಯೇ ಎಂಬುದು ಪ್ರಶ್ನೆ.

ಮೂರನೆಯದು, ಮನಸ್ಸು ಶಾಂತವಾಗಿದ್ದು ಅಂತಹ ಏರಿಳಿತಗಳೇನೂ ಕಾಣದ ಸಮಯ. ಆಗ ದೇವರು ಕೊಟ್ಟ ಬುದ್ಧಿಯನ್ನು ಬಳಸಬೇಕು. ನಮ್ಮಲ್ಲಿ ಬಹುಪಾಲು ಜನರ ಬಹುಪಾಲು ನಿರ್ಧಾರಗಳು ಆಗುವುದು ಇಲ್ಲಿಯೇ. ಇದು ಕಡಿಮೆ ದರ್ಜೆಯ ದಾರಿಯಲ್ಲ. ಬುದ್ಧಿಯೂ ದೇವರ ದಾನವೇ.

ಎಣಿಸುವುದಲ್ಲ, ತೂಗುವುದು

ಒಂದು ಹಾಳೆಯನ್ನು ನಾಲ್ಕು ಭಾಗ ಮಾಡಿ. ಹೋದರೆ ಆಗುವ ಒಳಿತು, ಹೋದರೆ ಇರುವ ಅಪಾಯ, ಉಳಿದರೆ ಆಗುವ ಒಳಿತು, ಉಳಿದರೆ ಇರುವ ಅಪಾಯ. ಆ ತಾಯಿಯ ಹಾಳೆ ಹೀಗಿರಬಹುದು. ಹೋದರೆ ಸಾಲ ತೀರುತ್ತದೆ, ಮಕ್ಕಳ ಓದಿಗೆ ದಾರಿಯಾಗುತ್ತದೆ, ಕಲಿತ ವಿದ್ಯೆಯಿಂದ ಇನ್ನಷ್ಟು ರೋಗಿಗಳ ಸೇವೆ ಮಾಡಬಹುದು. ಅಪಾಯವೆಂದರೆ ಬೆಳೆಯುವ ವಯಸ್ಸಿನ ಮಕ್ಕಳಿಗೆ ತಾಯಿ ಹತ್ತಿರವಿರುವುದಿಲ್ಲ, ಗಂಡಹೆಂಡಿರು ದೂರವಾಗುತ್ತಾರೆ, ಅಲ್ಲಿ ಭಾನುವಾರದ ಬಲಿಪೂಜೆಗೆ ಅನುಕೂಲವಿದೆಯೋ ಇಲ್ಲವೋ. ಉಳಿದರೆ ಅತ್ತೆಯ ಕೊನೆಗಾಲದಲ್ಲಿ ಜೊತೆಗಿರಬಹುದು, ಮನೆಯ ಸಂಜೆಯ ಜಪಸರ ನಿಲ್ಲುವುದಿಲ್ಲ. ಅಪಾಯವೆಂದರೆ ಬಡ್ಡಿ ಬೆಳೆಯುತ್ತದೆ, ‘ನಿಮ್ಮಿಂದಾಗಿ ನಾನು ಉಳಿದೆ’ ಎಂಬ ಕಹಿ ಮನಸ್ಸಿನಲ್ಲಿ ಬೇರು ಬಿಡಬಹುದು.

ಹಾಳೆ ತುಂಬಲು ಸತ್ಯಸಂಗತಿಗಳು ಬೇಕು. ಕೆಲಸದ ಕರಾರು ಪತ್ರದಲ್ಲಿ ಏನಿದೆ? ಸಂಬಳ ಎಷ್ಟು, ರಜೆ ಎಷ್ಟು? ಏಜೆಂಟರು ಸರ್ಕಾರದಲ್ಲಿ ನೋಂದಣಿಯಾದವರೇ? ಇದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಅತ್ತೆಯ ಆರೋಗ್ಯದ ಬಗ್ಗೆ ವೈದ್ಯರು ಏನು ಹೇಳುತ್ತಾರೆ? ಇವನ್ನೆಲ್ಲ ವಿಚಾರಿಸದೆ ‘ಪ್ರಾರ್ಥನೆ ಮಾಡಿದ್ದೇವೆ, ದೇವರು ನೋಡಿಕೊಳ್ಳುತ್ತಾರೆ’ ಎನ್ನುವುದು ಲೆಕ್ಕ ಹಾಕದೆ ಗೋಪುರಕ್ಕೆ ಅಡಿಪಾಯ ಹಾಕಿದಂತೆ.

ಬರೆದಾದ ಮೇಲೆ ಸಾಲುಗಳನ್ನು ಎಣಿಸಬೇಡಿ, ತೂಗಿ ನೋಡಿ. ಒಂದು ಕಡೆ ಹತ್ತು ಸಣ್ಣ ಅನುಕೂಲಗಳಿರಬಹುದು, ಇನ್ನೊಂದು ಕಡೆ ಒಂದೇ ದೊಡ್ಡ ಕರ್ತವ್ಯವಿರಬಹುದು. ಪ್ರತಿ ಸಾಲಿನ ಮುಂದೆಯೂ ಕೇಳಿಕೊಳ್ಳಿ: ಇದು ಪ್ರೀತಿಯಿಂದ ಬಂತೇ, ಭಯದಿಂದ ಬಂತೇ, ಪಕ್ಕದ ಮನೆಯವರು ಎರಡಂತಸ್ತು ಕಟ್ಟಿದರೆಂಬ ಹೊಟ್ಟೆಕಿಚ್ಚಿನಿಂದ ಬಂತೇ? ದೇವರ ಮಹಿಮೆ ಮತ್ತು ನಮ್ಮ ಆತ್ಮದ ಒಳಿತೇ ಇಲ್ಲಿ ತೂಕದ ಬೊಟ್ಟು.

ಆಗಲೂ ಮನಸ್ಸು ತೂಗಾಡುತ್ತಿದ್ದರೆ ಇಗ್ನೇಷಿಯಸರು ಮೂರು ಕಲ್ಪನೆಗಳನ್ನು ಮುಂದಿಡುತ್ತಾರೆ. ಗುರುತು ಪರಿಚಯವಿಲ್ಲದ, ಆದರೆ ನೀವು ಒಳಿತನ್ನೇ ಬಯಸುವ ಒಬ್ಬರು ಇದೇ ಸಮಸ್ಯೆ ತಂದರೆ ಏನು ಸಲಹೆ ಕೊಡುತ್ತೀರಿ? ಮರಣದ ಹಾಸಿಗೆಯಲ್ಲಿರುವಾಗ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತೆಂದು ಅನಿಸೀತು? ನ್ಯಾಯತೀರ್ಪಿನ ದಿನ ಪ್ರಭುವಿನ ಮುಂದೆ ನಿಂತಾಗ ಯಾವುದನ್ನು ಮಾಡಿ ಬಂದಿರಲು ಬಯಸುತ್ತೀರಿ? ಬೇರೆಯವರಿಗೆ ನಾವು ಕೊಡುವ ಬುದ್ಧಿವಾದ ಬಹಳ ಸಲ ನಮಗೇ ಬೇಕಾದ ಉತ್ತರವಾಗಿರುತ್ತದೆ.

ಮನೆಮಂದಿಯೆಲ್ಲ ಕೂಡಿ

ಮನೆಯ ನಿರ್ಧಾರವನ್ನು ಒಬ್ಬರೇ ಮಾಡಿದರೆ ಸಾಲದು. ಇದಕ್ಕೂ ಇಗ್ನೇಷಿಯಸರ ಬದುಕಿನಲ್ಲಿ ಮಾದರಿಯಿದೆ. 1539ರಲ್ಲಿ ರೋಮ್ ನಗರದಲ್ಲಿ ಅವರೂ ಅವರ ಸಂಗಡಿಗರೂ ಒಂದು ದೊಡ್ಡ ಪ್ರಶ್ನೆಯನ್ನು ಎದುರಿಸಿದರು. ತಮ್ಮಲ್ಲೇ ಒಬ್ಬರಿಗೆ ವಿಧೇಯತೆಯ ವ್ರತ ಮಾಡಿ ಒಂದು ಸಭೆಯಾಗಬೇಕೇ, ಬೇಡವೇ? ಹಗಲೆಲ್ಲ ಸೇವೆ, ಪ್ರಾರ್ಥನೆ, ರಾತ್ರಿ ಸಮಾಲೋಚನೆ. ಅವರ ಕ್ರಮ ಗಮನಾರ್ಹ. ಒಂದು ದಿನ ಎಲ್ಲರೂ ವಿಧೇಯತೆಯ ವ್ರತಕ್ಕೆ ವಿರುದ್ಧವಾದ ಕಾರಣಗಳನ್ನು ಮಾತ್ರ ಹೇಳಬೇಕು. ಮರುದಿನ ಎಲ್ಲರೂ ಪರವಾದ ಕಾರಣಗಳನ್ನು ಮಾತ್ರ ಹೇಳಬೇಕು. ಹೀಗಾಗಿ ಇವರು ಆ ಪಕ್ಷ, ಅವರು ಈ ಪಕ್ಷ ಎಂಬ ಜಗಳಕ್ಕೆ ಎಡೆಯೇ ಇರಲಿಲ್ಲ. ಸುಮಾರು ಮೂರು ತಿಂಗಳ ಬಳಿಕ, ಜೂನ್ 24ರ ಹೊತ್ತಿಗೆ, ಒಮ್ಮನಸ್ಸಿನಿಂದ ತೀರ್ಮಾನಕ್ಕೆ ಬಂದರು. ಮರುವರ್ಷ, 1540ರ ಸೆಪ್ಟೆಂಬರ್ 27ರಂದು, ಯೇಸುಸಭೆಗೆ ಜಗದ್ಗುರುಗಳ ಅಂಗೀಕಾರ ದೊರೆಯಿತು.

ನಮ್ಮ ಮನೆಗಳಲ್ಲಿ ಇದನ್ನು ಮಾಡಿ ನೋಡಬಾರದೇ? ಒಂದು ಸಂಜೆ ಪ್ರಾರ್ಥನೆಯ ನಂತರ ಗಂಡ, ಹೆಂಡತಿ, ಮಕ್ಕಳು, ಹಿರಿಯರು ಎಲ್ಲರೂ ‘ಹೋಗುವುದು ಏಕೆ ಬೇಡ’ ಎಂಬುದನ್ನಷ್ಟೇ ಹೇಳಲಿ. ಮರುದಿನ ಎಲ್ಲರೂ ‘ಏಕೆ ಹೋಗಬೇಕು’ ಎಂಬುದನ್ನಷ್ಟೇ ಹೇಳಲಿ. ಹೋಗಲು ಹಟ ಹಿಡಿದವರೂ ಒಂದು ಸಂಜೆ ಉಳಿಯುವುದರ ಪರ ಮಾತಾಡಬೇಕಾಗುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ಮರೆಯಬೇಡಿ. ‘ಹೋಗಿ ಬಾ ಮಗಳೇ’ ಎಂದು ಮೊದಲು ಹೇಳುವವರು ಅವರೇ ಆಗಿರಬಹುದು. ಹತ್ತು ವರ್ಷದ ಮಗು ಆಡುವ ಒಂದು ಮಾತು ದೊಡ್ಡವರ ಕಣ್ಣು ತೆರೆಸಬಹುದು. ಮನೆಯ ಹೊರಗೆ ವಿವೇಕಿಗಳಾದ ಒಬ್ಬಿಬ್ಬರ, ಪಾಪನಿವೇದನೆ ಕೇಳುವ ಗುರುಗಳ ಸಲಹೆಯನ್ನೂ ಪಡೆಯಿರಿ. ಆದರೆ ಗುರುಗಳು ನಿಮ್ಮ ಪರವಾಗಿ ನಿರ್ಧರಿಸುವವರಲ್ಲ. ನಿಮ್ಮೊಡನೆ ಕುಳಿತು ಕೇಳಿಸಿಕೊಳ್ಳುವವರು.

ಮೂರು ಎಚ್ಚರಿಕೆಗಳು

1. ಮನಸ್ಸು ಕುಗ್ಗಿರುವಾಗ, ಪ್ರಾರ್ಥನೆ ಒಣಗಿರುವಾಗ, ಶಾಂತವಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ರಾತ್ರಿ ಜಗಳವಾಡಿ ಬೆಳಿಗ್ಗೆ ರಾಜೀನಾಮೆ ಕೊಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಕುಗ್ಗಿದ ಮನಸ್ಸು ವಾರಗಟ್ಟಲೆ ಮೇಲೇಳದೆ, ನಿದ್ರೆ ಊಟ ಸೇರದಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿರಿ. ಅದರಲ್ಲಿ ನಾಚಿಕೆಯೇನಿಲ್ಲ.

2. ಗುಟ್ಟನ್ನು ಸಂಶಯಿಸಿ. ವೈರಿಯಾದ ಸೈತಾನನು ತನ್ನ ಮಾತು ಗುಟ್ಟಾಗಿಯೇ ಇರಬೇಕೆಂದು ಬಯಸುತ್ತಾನೆ, ಬೆಳಕಿಗೆ ಬಂದೊಡನೆ ಸೋಲುತ್ತಾನೆ ಎನ್ನುತ್ತಾರೆ ಇಗ್ನೇಷಿಯಸ್. ‘ಇದನ್ನು ಗಂಡನಿಗೆ ಹೇಳುವುದು ಬೇಡ, ಗುರುಗಳಿಗೂ ತಿಳಿಯಬಾರದು’ ಎಂದು ಯಾವ ಯೋಜನೆ ಪಿಸುಗುಡುತ್ತದೋ, ಅದನ್ನು ಮೊದಲು ನಂಬಿಕಸ್ತರ ಮುಂದೆ ಬಿಚ್ಚಿಡಿ.

3. ನಿರ್ಧಾರವಾದ ಮೇಲೆ ಅದನ್ನು ಬಲಿಪೀಠಕ್ಕೆ ತನ್ನಿರಿ. ಕಾಣಿಕೆಯ ಸಮಯದಲ್ಲಿ ರೊಟ್ಟಿ ದ್ರಾಕ್ಷಾರಸದೊಡನೆ ಅದನ್ನೂ ಒಪ್ಪಿಸಿ. ಕೆಲವು ದಿನ ಕಾಯಿರಿ. ನೆಮ್ಮದಿ ಉಳಿದರೆ ಮುಂದುವರಿಯಿರಿ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು 2022ರ ಆಗಸ್ಟ್‌ನಿಂದ 2023ರ ಜನವರಿಯವರೆಗೆ ಬುಧವಾರಗಳ ಧರ್ಮೋಪದೇಶದಲ್ಲಿ ವಿವೇಚನೆಯ ಬಗ್ಗೆಯೇ ಬೋಧಿಸಿದರು. ಅಲ್ಲಿಯೂ ನಿರ್ಧಾರದ ನಂತರದ ದಿನಗಳನ್ನು ಗಮನಿಸುವುದಕ್ಕೆ ಅವರು ಒತ್ತು ಕೊಟ್ಟರು.

ಬಾಗಿಲು ಮುಚ್ಚಿದಾಗ

‘ಇಷ್ಟೆಲ್ಲ ಮಾಡಿಯೂ ಕೆಲಸ ಕೈಗೂಡದಿದ್ದರೆ? ನಾವು ದೇವರ ಚಿತ್ತವನ್ನು ತಪ್ಪಾಗಿ ಕೇಳಿಸಿಕೊಂಡೆವೇ?’ ಎಂದು ಅನೇಕರು ಮರುಗುತ್ತಾರೆ.

ಇಗ್ನೇಷಿಯಸರು ಬಾಳೆಲ್ಲ ಜೆರುಸಲೇಮಿನಲ್ಲಿಯೇ ಇರಬೇಕೆಂದು ಬಯಸಿದ್ದರು. 1523ರಲ್ಲಿ ಅಲ್ಲಿಗೆ ಹೋದರು ಕೂಡ. ಆದರೆ ಅಲ್ಲಿದ್ದ ಫ್ರಾನ್ಸಿಸ್ಕನ್ ಮೇಲಧಿಕಾರಿಗಳು ಹಿಂದಿರುಗಬೇಕೆಂದು ಆಜ್ಞಾಪಿಸಿದರು. ಅವರು ವಿಧೇಯರಾದರು. 1534ರ ಆಗಸ್ಟ್ 15ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಆರು ಮಂದಿ ಸಂಗಡಿಗರೊಡನೆ ಮತ್ತೆ ಜೆರುಸಲೇಮಿಗೆ ಹೋಗುವ ವ್ರತ ಮಾಡಿದರು. ಹೋಗಲಾಗದಿದ್ದರೆ ಜಗದ್ಗುರುಗಳ ಸೇವೆಗೆ ತಮ್ಮನ್ನು ಒಪ್ಪಿಸಿಕೊಳ್ಳುವುದಾಗಿಯೂ ಅದರಲ್ಲಿ ಸೇರಿಸಿದ್ದರು. ವೆನಿಸ್ಸಿಗೂ ತುರ್ಕರಿಗೂ ಯುದ್ಧ ಬಂದು ಹಡಗುಗಳು ನಿಂತವು. ಬಾಗಿಲು ಎರಡನೆಯ ಸಲವೂ ಮುಚ್ಚಿತು. ಆಗ ಅವರು ರೋಮಿಗೆ ಹೋದರು. ಯೇಸುಸಭೆ ಹುಟ್ಟಿದ್ದು ಆ ಮುಚ್ಚಿದ ಬಾಗಿಲಿನ ಮುಂದೆ.

ಮುಂದಿನ ಕಥೆ ನಮಗೂ ಸೇರಿದ್ದು. 1540ರಲ್ಲಿ ಭಾರತಕ್ಕೆ ಹೋಗಬೇಕಾಗಿದ್ದವರು ಬೊಬಾದಿಲ್ಲಾ ಎಂಬ ಗುರುಗಳು. ಅವರು ಕಾಯಿಲೆ ಬಿದ್ದರು. ಅವರ ಬದಲಿಗೆ ತರಾತುರಿಯಲ್ಲಿ ಹೊರಟವರು ಫ್ರಾನ್ಸಿಸ್ ಕ್ಸೇವಿಯರ್. 1542ರ ಮೇ 6ರಂದು ಅವರು ಗೋವೆಯಲ್ಲಿ ಇಳಿದರು. ನಮ್ಮ ನಾಡಿನಿಂದ ಬಸ್ಸು ರೈಲುಗಳಲ್ಲಿ ಹಳೆ ಗೋವೆಗೆ ಹೋಗಿ ಅವರ ಪವಿತ್ರ ಶರೀರಕ್ಕೆ ವಂದಿಸಿ ಬರುವ ನಾವು, ಒಬ್ಬರ ಕಾಯಿಲೆಯೂ ದೇವರ ಕೈಯಲ್ಲಿ ಏನಾಗಬಲ್ಲದು ಎಂಬುದನ್ನು ನೆನೆಯಬೇಕು.

ಸಂತ ಪೌಲರೂ ಏಷ್ಯಾ ಸೀಮೆಗೆ ಹೊರಟಾಗ ತಡೆ ಬಂತು, ಬಿಥೂನಿಯಕ್ಕೆ ಹೊರಟಾಗಲೂ ತಡೆ ಬಂತು. ಆಮೇಲೆ ಮಕೆದೋನಿಯದ ಕರೆ ಕೇಳಿಸಿತು (ಪ್ರೇ.ಕಾ. 16:6-10). ದೇವರ ಚಿತ್ತವೆಂಬುದು ಒಂದೇ ಒಂದು ಸೇತುವೆಯಿರುವ ದಾರಿಯಲ್ಲ. ನಾವು ಪ್ರಾಮಾಣಿಕವಾಗಿ ಹುಡುಕಿ ನಡೆದರೆ, ದಾರಿ ತಿರುಗಿದಲ್ಲಿಯೂ ಅವರು ನಮ್ಮೊಡನೆ ಇರುತ್ತಾರೆ.

ಹಾಗಾದರೆ ಆ ನರ್ಸ್ ತಾಯಿ ಹೋಗಬೇಕೇ, ಉಳಿಯಬೇಕೇ? ಉತ್ತರವನ್ನು ಈ ಪುಟಗಳಿಂದ ಕೊಡಲಾಗದು. ಒಂದು ಮನೆಯಲ್ಲಿ ನಾದಿನಿ ಬಂದು ಅತ್ತೆಯ ಹೊಣೆ ಹೊತ್ತುಕೊಳ್ಳಬಹುದು. ತಾಯಿ ಎರಡೇ ವರ್ಷವೆಂದು ಗಡಿ ಹಾಕಿಕೊಂಡು ಶಾಂತಿಯಿಂದ ಹೊರಡಬಹುದು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಸೈಟು ಮಾರಿ ಸಾಲ ತೀರಿಸಿ ಎಲ್ಲರೂ ಜೊತೆಗೇ ಉಳಿಯಬಹುದು. ಎರಡೂ ದೇವರ ಚಿತ್ತವಾಗಿರಬಹುದು. ಪ್ರೀತಿಯಿಂದ, ಬಿಡುಗಡೆಯ ಮನಸ್ಸಿನಿಂದ ನಿರ್ಧರಿಸಿದ್ದರೆ, ಹೋದವರು ಹೋದಲ್ಲಿ, ಉಳಿದವರು ಉಳಿದಲ್ಲಿ ಪ್ರಭುವನ್ನು ಕಾಣುತ್ತಾರೆ.

ಈ ಹಬ್ಬದ ವಾರದಲ್ಲಿ ನಮ್ಮ ಮನೆಗಳಲ್ಲಿ ಇತ್ಯರ್ಥವಾಗದೆ ಉಳಿದಿರುವ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಟಿ.ವಿ., ಮೊಬೈಲ್‌ಗಳನ್ನು ಆರಿಸಿ, ಪೀಠದ ಮುಂದೆ ದೀಪ ಹಚ್ಚಿ, ಮೊದಲು ಕುಳಿತುಕೊಳ್ಳೋಣ.

ಪ್ರಾರ್ಥಿಸೋಣ: ಪ್ರೀತಿಯ ತಂದೆಯೇ, ನಮ್ಮ ಆಸೆಗಳನ್ನೂ ಅಂಜಿಕೆಗಳನ್ನೂ ನೀವು ಬಲ್ಲಿರಿ. ನಮ್ಮ ಮನದ ತಕ್ಕಡಿಯನ್ನು ಸಮಗೊಳಿಸಿರಿ. ಆತುರಪಡುವಾಗ ತಾಳ್ಮೆಯನ್ನೂ, ಹಿಂಜರಿಯುವಾಗ ಧೈರ್ಯವನ್ನೂ ಕೊಡಿರಿ. ನಮ್ಮ ಮನೆಮಂದಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವಂತೆ ಮಾಡಿರಿ. ಸಂತ ಇಗ್ನೇಷಿಯಸರ ಪ್ರಾರ್ಥನೆಯ ನೆರವಿನಿಂದ ನಿಮಗೆ ಮೆಚ್ಚಿಕೆಯಾದುದನ್ನು ಅರಿತು, ಅರಿತುದನ್ನು ಸಂತೋಷದಿಂದ ಮಾಡುವ ವರವನ್ನು ದಯಪಾಲಿಸಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.